ಪ್ರೊಸೆಸರ್ ಅಂಡರ್‌ವೋಲ್ಟಿಂಗ್: ಅಪಾಯ ಎಲ್ಲಿದೆ, ಹಂತ ಹಂತವಾಗಿ ಮಾಡೋದು ಹೇಗೆ

ಅಂಡರ್‌ವೋಲ್ಟ್ ಮಾಡಿದರೆ, ಅಂದರೆ ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ಇಳಿಸಿದರೆ, ಅದು ಸುಟ್ಟು ಹೋಗಲ್ವಾ? ನಮ್ಮ ಕಡೆ ಯಾರಿಗೆ ಈ ವಿಷಯ ಹೇಳಿದರೂ ಮೊದಲು ಬರೋ ಪ್ರಶ್ನೆ ಇದೇ. ಕೇಳೋದರಲ್ಲಿ ತಪ್ಪೇನಿಲ್ಲ. ತೋಟಕ್ಕೆ ನೀರು ಬಿಡೋ ಹೊತ್ತಿಗೆ ಲೋ ವೋಲ್ಟೇಜ್ ಬಂದು, ಪಂಪ್‌ಸೆಟ್ ಮೋಟಾರಿನ ಕಾಯಿಲ್ ಸುಟ್ಟು, ರಿವೈಂಡಿಂಗ್‌ಗೆ ಹೊತ್ತುಕೊಂಡು ಹೋದವರು ಮಲೆನಾಡಿನ ಯಾವ ಊರಿಗೆ ಹೋದರೂ ಸಿಗುತ್ತಾರೆ. ಆದರೆ ಮೋಟಾರಿನ ಕಥೆ ಬೇರೆ, ಚಿಪ್ಪಿನ ಕಥೆ ಬೇರೆ. ಮೋಟಾರ್ ಎತ್ತಬೇಕಾದ ನೀರಿನ ಭಾರ ಅಷ್ಟೇ ಇರುತ್ತದೆ. ವೋಲ್ಟೇಜ್ ಇಳಿದರೆ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯಿಲ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಪ್ರೊಸೆಸರಿನಲ್ಲಿ ವೋಲ್ಟೇಜ್ ಇಳಿಸಿದರೆ ಕರೆಂಟೂ ಇಳಿಯುತ್ತದೆ, ಬಿಸಿಯೂ ಇಳಿಯುತ್ತದೆ. ಸುಡುವ ಮಾತೇ ಇಲ್ಲ. ಅದು ಲೆಕ್ಕ ತಪ್ಪುತ್ತದೆ. ಕೆಲವು ಸಲ ಸದ್ದಿಲ್ಲದೆ ತಪ್ಪುತ್ತದೆ, ನಿಜವಾದ ಅಪಾಯ ಅದು.

ಯಾಕೆ ತಪ್ಪುತ್ತದೆ ಅಂದರೆ, 4 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿಗೆ ಒಂದು ಕ್ಲಾಕ್ ಅಂದರೆ 0.25 ನ್ಯಾನೋಸೆಕೆಂಡ್. ಅಷ್ಟರೊಳಗೆ ಸಿಗ್ನಲ್ ಸಾಲು ಸಾಲು ಟ್ರಾನ್ಸಿಸ್ಟರ್‌ಗಳನ್ನು ದಾಟಿ ತಲುಪಬೇಕಾದ ಕಡೆ ತಲುಪಬೇಕು. ವೋಲ್ಟೇಜ್ ಕಮ್ಮಿ ಆದಷ್ಟೂ ಟ್ರಾನ್ಸಿಸ್ಟರ್ ನಿಧಾನ. ಸಿಗ್ನಲ್ ತಲುಪುವ ಮೊದಲೇ ಮುಂದಿನ ಕ್ಲಾಕ್ ಬಂದುಬಿಟ್ಟರೆ 1 ಇರಬೇಕಾದ ಕಡೆ 0 ಕೂತಿರುತ್ತದೆ. ಆ ಬಿಟ್ ವಿಂಡೋಸ್‌ನ ಮುಖ್ಯ ಜಾಗದಲ್ಲಿದ್ದರೆ ನೀಲಿ ಪರದೆ. ನಿಮ್ಮ ಎಕ್ಸೆಲ್ ಹಾಳೆಯಲ್ಲಿದ್ದರೆ? ಏನೂ ಆಗೋದಿಲ್ಲ, ಸಂಖ್ಯೆ ಮಾತ್ರ ಬದಲಾಗಿರುತ್ತದೆ.

ಹಾಗಿದ್ದರೂ ಜನ ಇದನ್ನು ಮಾಡೋದು ಯಾಕೆ? ಲಾಭ ಇದೆ, ಅದಕ್ಕೆ. ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 1.2 ವೋಲ್ಟ್ ಇದ್ದದ್ದನ್ನು 1.1ಕ್ಕೆ ತಂದರೆ, ವೇಗ ಅಷ್ಟೇ ಇಟ್ಟುಕೊಂಡೂ, ಆ ಭಾಗದಲ್ಲಿ ಸುಮಾರು 16 ಶೇಕಡಾ ಉಳಿತಾಯ. ಏಪ್ರಿಲ್ ತಿಂಗಳ ಶಿವಮೊಗ್ಗದ ಸೆಕೆಯಲ್ಲಿ ಫ್ಯಾನ್ ಕಿರುಚೋದು ನಿಲ್ಲುತ್ತದೆ. ಮಳೆಗಾಲದಲ್ಲಿ ಹೊಸನಗರ ಕಡೆ ಮನೆಯಿಂದ ಕೆಲಸ ಮಾಡುವವರಿಗೆ ಕರೆಂಟ್ ಹೋದಾಗ ಬ್ಯಾಟರಿ ಇನ್ನೊಂದಿಷ್ಟು ಹೊತ್ತು ಬರುತ್ತದೆ.

ಮೊದಲು: ನಿಮಗೆ ಇದು ಬೇಕಾ?

ಲ್ಯಾಪ್‌ಟಾಪ್ ಬಿಸಿ ಆಗ್ತಿದೆ ಅನ್ನುವವರಲ್ಲಿ ಬಹಳ ಜನರಿಗೆ ಬೇಕಾಗಿರೋದು ಅಂಡರ್‌ವೋಲ್ಟ್ ಅಲ್ಲ, ಬ್ರಷ್ಷು. ಫ್ಯಾನ್ ಬಿಚ್ಚಿ ನೋಡಿ. ಅಡಿಕೆ ಸುಲಿಯೋ ಮನೆಯಲ್ಲಿ ಇಟ್ಟ ಕಂಪ್ಯೂಟರ್ ಆದರಂತೂ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಸಣ್ಣ ನಾರು, ಧೂಳು, ಮಳೆಗಾಲದ ತೇವ ಎಲ್ಲ ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿರುತ್ತದೆ. ಅದನ್ನು ತೆಗೆದು, ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಾಯಿಸಿ, ಆಮೇಲೆ ಬಿಸಿ ನೋಡಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಎರಡನೇ ದಾರಿಯೂ ಇದೆ, ಅದರಲ್ಲಿ ಲೆಕ್ಕ ತಪ್ಪುವ ಅಪಾಯವೇ ಇಲ್ಲ: ಪವರ್ ಲಿಮಿಟ್ ಇಳಿಸೋದು. ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಶೇಕಡಾ ಮಾಡಿದರೆ ಹೆಚ್ಚಿನ ಯಂತ್ರಗಳಲ್ಲಿ ಟರ್ಬೋ ಬೂಸ್ಟ್ (ಪ್ರೊಸೆಸರ್ ತಾನಾಗೇ ವೇಗ ಏರಿಸಿಕೊಳ್ಳೋದು) ನಿಲ್ಲುತ್ತದೆ, ಬಿಸಿ ಧಡಕ್ಕನೆ ಇಳಿಯುತ್ತದೆ. ಎಎಂಡಿ ಕಂಪನಿಯ ಡೆಸ್ಕ್‌ಟಾಪ್ ರೈಜನ್ ಪ್ರೊಸೆಸರ್ ಆದರೆ ಕಮ್ಮಿ ವಿದ್ಯುತ್ತಿನಲ್ಲಿ ಓಡಿಸುವ ಇಕೋ ಮೋಡ್ ಇದೆ. ವೇಗ ಸ್ವಲ್ಪ ಹೋಗುತ್ತದೆ, ನಿಜ. ಆದರೆ ಮಂಡಿಯ ಲೆಕ್ಕ, ಟ್ಯಾಲಿ, ಸೊಸೈಟಿಯ ಸಾಲದ ಪುಸ್ತಕ ಇಂಥವು ಇರುವ ಕಂಪ್ಯೂಟರಿಗೆ ನನ್ನ ಸಲಹೆ ಇಷ್ಟೇ, ಇಲ್ಲಿಗೇ ನಿಲ್ಲಿಸಿ. ಆ ಯಂತ್ರವನ್ನು ಅಂಡರ್‌ವೋಲ್ಟ್ ಮಾಡಬೇಡಿ. ನಾಲ್ಕು ಡಿಗ್ರಿ ತಂಪಿಗೋಸ್ಕರ ಇನ್ನೊಬ್ಬರ ದುಡ್ಡಿನ ಲೆಕ್ಕವನ್ನು ಪಣಕ್ಕಿಡೋದು ಸರಿಯಲ್ಲ.

ಗೇಮ್, ವಿಡಿಯೋ ಎಡಿಟಿಂಗ್, ಓದಿನ ಕೆಲಸ, ಕೋಡಿಂಗ್ ಅಂತ ಇರುವವರು ಮುಂದೆ ಓದಿ.

ಎರಡನೇದು: ಕೈ ಹಾಕುವ ಮೊದಲು

ಬ್ಯಾಕಪ್ ಮಾಡಿ. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಷನ್‌ಗೆ ಕಾಪಿ ಮಾಡೋದು ಬ್ಯಾಕಪ್ ಅಲ್ಲ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ಕೇಬಲ್ ಕಿತ್ತು ಪಕ್ಕಕ್ಕಿಡಿ. ಪರೀಕ್ಷೆ ಮಾಡುವಾಗ ಅದು ಸಿಕ್ಕಿಸಿರಬಾರದು.

ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ ಕೀ ಬರೆದಿಟ್ಟುಕೊಳ್ಳಿ. ಇದನ್ನು ಯಾರೂ ಹೇಳೋದಿಲ್ಲ, ಆದರೆ ಜನ ಅಳೋದು ಇಲ್ಲೇ. ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಸಲ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರೋದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಏನೋ ಬದಲಾಯಿಸಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆ ಯಾವುದು, ಪಾಸ್‌ವರ್ಡ್ ಏನು ಅನ್ನೋದು ಗೊತ್ತಿದೆಯಾ ಅಂತ ಈಗಲೇ ನೋಡಿ, ಕೀಯನ್ನು ಕಾಗದದ ಮೇಲೆ ಬರೆಯಿರಿ. ಕೀ ಇಲ್ಲದಿದ್ದರೆ ಒಳಗಿರೋ ಫೈಲು ಹೋಯಿತು ಅಂತಲೇ ಲೆಕ್ಕ.

ಬಯೋಸ್ ಅಪ್‌ಡೇಟ್ ಮಾಡಿ. ಇಂಟೆಲ್ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಇದ್ದವರು ಇದನ್ನು ತಪ್ಪಿಸಲೇಬಾರದು. ಆ ಚಿಪ್‌ಗಳು ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ತಗೊಂಡು ಒಳಗೇ ಸವೆಯುವ ತೊಂದರೆ 2024ರಲ್ಲಿ ದೊಡ್ಡ ಸುದ್ದಿ ಆಗಿತ್ತು. ಇಂಟೆಲ್ ಅದೇ ವರ್ಷ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಅನ್ನೋ ಮೈಕ್ರೋಕೋಡ್ (ಪ್ರೊಸೆಸರಿನ ಒಳಗೇ ಓಡುವ ಸೂಚನೆಗಳು) ಬಿಡುಗಡೆ ಮಾಡಿ, ವಾರಂಟಿಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿತು. ಆ ಅಪ್‌ಡೇಟ್ ಬಿಟ್ಟು ಬರೀ ಅಂಡರ್‌ವೋಲ್ಟ್ ಮಾಡಿ ಚಿಪ್ ಉಳಿಸಿಕೊಳ್ತೀನಿ ಅನ್ನೋದು ಆಗದ ಮಾತು. ಈಗಾಗಲೇ ಸವೆದ ಚಿಪ್ ಆದರೆ ಅದಕ್ಕೆ ಮೊದಲಿಗಿಂತ ಜಾಸ್ತಿ ವೋಲ್ಟೇಜ್ ಬೇಕಾಗಿರುತ್ತದೆ, ನೀವು ಇನ್ನೂ ಕಿತ್ತುಕೊಂಡರೆ ತೊಂದರೆ ಡಬಲ್. ಅಂಥದ್ದನ್ನು ವಾರಂಟಿಗೆ ಕಳಿಸಿ.

ವಾರಂಟಿ ಅಂದಾಗ ಇನ್ನೊಂದು. ನಿಗದಿಪಡಿಸಿದ ಮಿತಿಯ ಹೊರಗೆ ಅಂಡರ್‌ವೋಲ್ಟ್ ಮಾಡಿದರೂ ವಾರಂಟಿ ಹೋಗುತ್ತದೆ ಅಂತ ಎಎಂಡಿ ತನ್ನ ಷರತ್ತಿನಲ್ಲಿ ನೇರವಾಗಿಯೇ ಬರೆದಿದೆ, ಎಎಂಡಿಯದೇ ಸಾಫ್ಟ್‌ವೇರ್ ಬಳಸಿದರೂ ಕೂಡ.

ಕೊನೆಯದಾಗಿ ರ‍್ಯಾಮ್. ಎಕ್ಸ್‌ಎಂಪಿ (ವೇಗ ಹೆಚ್ಚಿಸುವ ಬಯೋಸ್ ಆಯ್ಕೆ) ಹಾಕಿದ ರ‍್ಯಾಮ್ ಮೊದಲೇ ಅಲ್ಲಾಡ್ತಿದ್ದರೆ ಮುಂದೆ ಬರೋ ಎಲ್ಲ ಎರರ್‌ಗೂ ವೋಲ್ಟೇಜನ್ನೇ ಬೈಯುತ್ತಾ ಕೂರಬೇಕಾಗುತ್ತದೆ. ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ, ಒಂದೂ ಎರರ್ ಇರಬಾರದು.

ಮೂರನೇದು: ನಿಮ್ಮ ಯಂತ್ರದಲ್ಲಿ ಬಾಗಿಲು ತೆರೆದಿದೆಯಾ?

2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ದಾಳಿ ಹೊರಬಿತ್ತು. ಬರ್ಮಿಂಗ್‌ಹ್ಯಾಮ್, ಗ್ರಾಜ್, ಲುವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಇಂಟೆಲ್ ಪ್ರೊಸೆಸರಿನ ವೋಲ್ಟೇಜನ್ನು ಸಾಫ್ಟ್‌ವೇರ್‌ನಿಂದಲೇ ಬೇಕೆಂದು ಇಳಿಸಿ, ಎಸ್‌ಜಿಎಕ್ಸ್ ಅನ್ನೋ ಭದ್ರ ಕೋಣೆಯೊಳಗಿನ ಲೆಕ್ಕವನ್ನು ತಪ್ಪಿಸಿ, ಅದರಿಂದ ಗುಪ್ತ ಕೀ ಹೊರತೆಗೆದು ತೋರಿಸಿದರು. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಕಂಪ್ಯೂಟರ್ ಹ್ಯಾಂಗ್ ಆಗಲಿಲ್ಲ. ಬರೀ ಗುಣಾಕಾರ ತಪ್ಪಾಗಿ ಬಂತು, ಯಂತ್ರ ಆರಾಮಾಗಿ ಓಡ್ತಾನೇ ಇತ್ತು. ಅಂಡರ್‌ವೋಲ್ಟ್‌ನಿಂದ ಕ್ರ್ಯಾಶ್ ಆಗುತ್ತೆ ಅಷ್ಟೇ ತಾನೆ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ಆಮೇಲೆ ಬಯೋಸ್ ಅಪ್‌ಡೇಟ್ ಮೂಲಕ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಸಾಫ್ಟ್‌ವೇರ್‌ನಿಂದ ವೋಲ್ಟೇಜ್ ಇಳಿಸುವ ಈ ಬಾಗಿಲು ಮುಚ್ಚಿದರು. ಇಂಟೆಲ್ ಪ್ರೊಸೆಸರಿನ ವೋಲ್ಟೇಜ್ ಬದಲಾಯಿಸುವ ಥ್ರಾಟಲ್‌ಸ್ಟಾಪ್ ಅನ್ನೋ ಪ್ರೋಗ್ರಾಂ ತೆರೆದು, ವೋಲ್ಟೇಜಿನ ಎಫ್‌ಐವಿಆರ್ ಕಿಟಕಿಗೆ ಹೋದಾಗ ಲಾಕ್ಡ್ ಅಂತ ಕಾಣಿಸಿದರೆ ಇದೇ ಕಾರಣ ಇರಬಹುದು. ಹಳೇ ಬಯೋಸ್‌ಗೆ ಹಿಂದಕ್ಕೆ ಹೋಗಿ ಲಾಕ್ ತೆಗೆಯೋ ದಾರಿ ಕೆಲವರು ಹೇಳುತ್ತಾರೆ. ಬೇಡ. ಬಯೋಸ್ ಬರೆಯುವಾಗ ಎಡವಿದರೆ ಬೋರ್ಡೇ ಹೋಗುತ್ತದೆ, ಜೊತೆಗೆ ಮುಚ್ಚಿದ್ದ ಭದ್ರತಾ ತೂತುಗಳನ್ನೆಲ್ಲ ನೀವೇ ತೆರೆದ ಹಾಗೆ. ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಮಾತ್ರ ಕೆಲವು ಟೂಲ್ ಕೆಲಸ ಮಾಡುತ್ತವೆ, ಅದೂ ಭದ್ರತೆ ಬಿಟ್ಟುಕೊಟ್ಟ ಲೆಕ್ಕವೇ. ಬ್ಯಾಂಕಿಂಗ್ ಮಾಡುವ ಯಂತ್ರದಲ್ಲಿ ನಾನಂತೂ ಆಫ್ ಮಾಡೋದಿಲ್ಲ. ಲಾಕ್ ಇದ್ದರೆ ಪವರ್ ಲಿಮಿಟ್ ಇಳಿಸಿ ಸುಮ್ನಿರಿ.

ನಾಲ್ಕನೇದು: ಮೊದಲಿನ ಅಳತೆ

ಏನೂ ಬದಲಾಯಿಸದೆ ಬಿಸಿ, ವೇಗ ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ಹಾಕಿ, ಪ್ರೊಸೆಸರಿಗೆ ಭಾರದ ಕೆಲಸ ಕೊಟ್ಟು ಸ್ಕೋರ್ ಹೇಳುವ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ. ಸ್ಕೋರ್, ಗರಿಷ್ಠ ಬಿಸಿ, ಪ್ಯಾಕೇಜ್ ಪವರ್ (ಇಡೀ ಪ್ರೊಸೆಸರ್ ತಿನ್ನುವ ವಿದ್ಯುತ್ತು), ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡಿದ ವೇಗ), ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಂಪ್ಯೂಟರ್‌ನಲ್ಲೇ ಬರೆದಿಟ್ಟರೆ ಕ್ರ್ಯಾಶ್ ಆದಾಗ ಅದೂ ಹೋಗಬಹುದು. ಕೋಣೆಯಲ್ಲಿ ಫ್ಯಾನ್ ಇತ್ತಾ, ಹೊರಗೆ ಮಳೆಯಾ ಬಿಸಿಲಾ ಅಂತಲೂ ಪಕ್ಕದಲ್ಲಿ ಗುರುತು ಹಾಕಿ. ಆಗುಂಬೆ ಮಳೆಯ ದಿನದ ಅಳತೆಯನ್ನು ಮೇ ತಿಂಗಳ ಭದ್ರಾವತಿಯ ಮಧ್ಯಾಹ್ನಕ್ಕೆ ಹೋಲಿಸಿ ಹತ್ತು ಡಿಗ್ರಿ ಇಳೀತು ಅಂತ ಖುಷಿ ಪಡೋದರಲ್ಲಿ ಅರ್ಥವಿಲ್ಲ.

ಐದನೇದು: ಇಳಿಸೋದು, ನಿಧಾನಕ್ಕೆ

ಶುರು ಯಾವತ್ತೂ ಸಾಫ್ಟ್‌ವೇರ್‌ನಿಂದ, ಬಯೋಸ್‌ನಿಂದ ಅಲ್ಲ. ಥ್ರಾಟಲ್‌ಸ್ಟಾಪ್ ಅಥವಾ ಇಂಟೆಲ್‌ನದೇ ಎಕ್ಸ್‌ಟಿಯು ಪ್ರೋಗ್ರಾಂನಲ್ಲಿ ಹಾಕಿದ ಆಫ್‌ಸೆಟ್ (ಎಷ್ಟು ವೋಲ್ಟೇಜ್ ಕಳೆಯಬೇಕು ಅನ್ನೋ ಸಂಖ್ಯೆ) ಪ್ರೊಸೆಸರಿನ ಒಂದು ರಿಜಿಸ್ಟರಿನಲ್ಲಿ ಇರುತ್ತದೆ, ಪೂರ್ತಿ ಪವರ್ ಆಫ್ ಮಾಡಿದರೆ ಅಳಿಸಿಹೋಗುತ್ತದೆ. ಹ್ಯಾಂಗ್ ಆದರೆ ಪವರ್ ಬಟನ್ ಒತ್ತಿ ಹಿಡಿದರೆ ಆಯಿತು. ಆದರೆ ಒಂದು ಷರತ್ತು: ವಿಂಡೋಸ್ ಜೊತೆಗೇ ಶುರುವಾಗುವ ಹಾಗೆ ಈಗಲೇ ಇಡಬೇಡಿ. ಇಟ್ಟರೆ ಬೂಟ್ ಆದ ಕೂಡಲೇ ಕ್ರ್ಯಾಶ್, ಮತ್ತೆ ಬೂಟ್, ಮತ್ತೆ ಕ್ರ್ಯಾಶ್. ಥ್ರಾಟಲ್‌ಸ್ಟಾಪ್‌ನಲ್ಲಿ ವೋಲ್ಟೇಜನ್ನು ಕೂಡಲೇ ಸೇವ್ ಮಾಡಬೇಡ ಅನ್ನೋ ಆಯ್ಕೆ ಇದೆ, ಪರೀಕ್ಷೆ ಮುಗಿಯೋವರೆಗೆ ಅದನ್ನೇ ಇಟ್ಟುಕೊಳ್ಳಿ.

ಇಂಟೆಲ್‌ನಲ್ಲಿ ಕೋರ್ (ಲೆಕ್ಕ ಮಾಡುವ ಘಟಕ) ಮತ್ತು ಕ್ಯಾಶ್ (ಅದರ ಪಕ್ಕದ ಪುಟ್ಟ ಮೆಮೊರಿ) ಎರಡಕ್ಕೂ ಒಂದೇ ಆಫ್‌ಸೆಟ್ ಕೊಡಿ. ಮೊದಲು −30 ಮಿಲಿವೋಲ್ಟ್. ಆಮೇಲೆ ಹತ್ತು ಹತ್ತಾಗಿ. ಪ್ರತಿ ಮೆಟ್ಟಿಲಿಗೂ ಒಂದಿಷ್ಟು ಪರೀಕ್ಷೆ. ಯಾರೋ ಅದೇ ಮಾಡೆಲ್‌ನಲ್ಲಿ −120 ಹಾಕಿದ್ದಾರೆ ಅಂತ ನೀವೂ ನೇರ −120 ಹಾಕಬೇಡಿ. ಒಂದೇ ಹೆಸರಿನ ಎರಡು ಚಿಪ್ ಒಂದೇ ಥರ ಇರೋದಿಲ್ಲ. ಅವರದ್ದು −120ಕ್ಕೆ ಜಗ್ಗದೆ ನಿಂತರೆ ನಿಮ್ಮದು −60ಕ್ಕೇ ಕೈ ಎತ್ತಬಹುದು.

ರೈಜನ್‌ನಲ್ಲಿ ದಾರಿ ಬೇರೆ. 5000 ಸರಣಿಯಿಂದ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಅನ್ನೋ ಆಯ್ಕೆ ಬಂತು. ಅಲ್ಲಿ ಮಿಲಿವೋಲ್ಟ್ ಬದಲು ಎಣಿಕೆ, ಒಂದೊಂದು ಎಣಿಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಎಲ್ಲ ಕೋರಿಗೂ ನೆಗೆಟಿವ್ 5 ಅಥವಾ 10ರಿಂದ ಶುರು ಮಾಡಿ. ಎಲ್ಲಕ್ಕೂ −30 ಹಾಕಿ ಸಿನಿಬೆಂಚ್ ಪಾಸಾಯಿತು ಅಂತ ಮಲಗೋ ಜನ ಬಹಳ. ಎಲ್ಲ ಕೋರ್ ಒಟ್ಟಿಗೆ ದುಡಿಯುವಾಗ ವೇಗ ಕಮ್ಮಿ ಇರುತ್ತದೆ, ಹಾಗಾಗಿ ಪಾಸಾಗುತ್ತದೆ. ಒಂದೇ ಕೋರ್ ಪೂರ್ತಿ ಬೂಸ್ಟಿಗೆ ಏರಿದಾಗ, ಅಂದರೆ ಸುಮ್ನೆ ಬ್ರೌಸರ್ ತೆರೆದಾಗ, ಕುಸಿಯುತ್ತದೆ. ಅದರಲ್ಲೂ ಚಿಪ್ಪಿನ ಅತ್ಯುತ್ತಮ ಕೋರ್‌ಗಳಿಗೆ ಕಾರ್ಖಾನೆಯಲ್ಲೇ ಬಿಗಿಯಾಗಿ ವೋಲ್ಟೇಜ್ ಇಟ್ಟಿರೋದರಿಂದ ಅವುಗಳಲ್ಲಿ ಇಳಿಸೋಕೆ ಜಾಗ ಕಮ್ಮಿ. ಲ್ಯಾಪ್‌ಟಾಪ್ ರೈಜನ್‌ಗಳಲ್ಲಿ ಹೆಚ್ಚಿನವುಗಳ ಬಯೋಸ್‌ನಲ್ಲಿ ಈ ಆಯ್ಕೆಯೇ ಇರೋದಿಲ್ಲ.

ಒಂದು ಮೋಸ ಗೊತ್ತಿರಲಿ. ವೋಲ್ಟೇಜ್ ಸಾಲದು ಅನ್ನಿಸಿದಾಗ ಕೆಲವು ಪ್ರೊಸೆಸರ್‌ಗಳು ಕ್ರ್ಯಾಶ್ ಆಗುವ ಬದಲು ಕ್ಲಾಕನ್ನು ಒಳಗೊಳಗೇ ಹಿಗ್ಗಿಸುತ್ತವೆ. ಪರದೆಯ ಮೇಲೆ 4.6 ಅಂತಲೇ ಕಾಣುತ್ತದೆ, ಎಫೆಕ್ಟಿವ್ ಕ್ಲಾಕ್ ನೋಡಿದರೆ ಕೆಳಗಿರುತ್ತದೆ, ಸ್ಕೋರ್ ಬಿದ್ದಿರುತ್ತದೆ. ಬಿಸಿ ಇಳಿಯಿತು, ಆದರೆ ವೇಗವೂ ಹೋಯಿತು. ನೋಟ್‌ಬುಕ್ಕಿನಲ್ಲಿ ಮೊದಲಿನ ಸ್ಕೋರ್ ಬರೆಯಿರಿ ಅಂದದ್ದು ಇದಕ್ಕೇ.

ಆರನೇದು: ಪರೀಕ್ಷೆ, ಇದೇ ಮುಖ್ಯ

ಒಂದು ಗಂಟೆ ಗೇಮ್ ಆಡಿದೆ, ಏನೂ ಆಗಲಿಲ್ಲ ಅನ್ನೋದು ಪರೀಕ್ಷೆ ಅಲ್ಲ. ಗೇಮ್‌ನಲ್ಲಿ ಒಂದು ಪಿಕ್ಸೆಲ್ ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ? ತನ್ನ ಉತ್ತರವನ್ನು ತಾನೇ ತಾಳೆ ನೋಡುವ ಪ್ರೋಗ್ರಾಂ ಬೇಕು. ಪ್ರೈಮ್95 ಅಂಥದ್ದು. ಅದರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಅನ್ನೋ ಪರೀಕ್ಷೆ ಹಾಕಿ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಕಂಪ್ಯೂಟರ್ ಚೆನ್ನಾಗೇ ಇರುತ್ತದೆ, ಮೌಸ್ ಓಡುತ್ತದೆ, ಹಾಡೂ ಹಾಡುತ್ತಿರುತ್ತದೆ. ಆದರೆ ಎಂಟು ವರ್ಕರ್‌ಗಳಲ್ಲಿ (ಒಂದೊಂದು ಕೋರಿನ ಮೇಲೆ ಓಡುವ ಲೆಕ್ಕ) ಏಳು ಮುಂದೆ ಹೋಗ್ತಿದ್ದರೆ ಎಂಟನೇದು ಮಾತ್ರ ನಿಂತುಬಿಟ್ಟಿರುತ್ತದೆ. ಅದರ ಕಿಟಕಿಯಲ್ಲಿ ಒಂದು ಸಾಲು: ಫೇಟಲ್ ಎರರ್, ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಮ್ಮಿ ಇರಬೇಕಿತ್ತು. ಅಷ್ಟೇ. ಆ ಕೋರ್ ಲೆಕ್ಕ ತಪ್ಪಿದೆ. ಪ್ರೈಮ್95 ಇಲ್ಲದಿದ್ದರೆ ನಿಮಗದು ಗೊತ್ತೇ ಆಗುತ್ತಿರಲಿಲ್ಲ.

ಭಾರದ ಕೆಲಸ ಪಾಸಾದರೆ ಅರ್ಧ ಮಾತ್ರ ಆಯಿತು. ಆಫ್‌ಸೆಟ್ ಇಡೀ ವೋಲ್ಟೇಜ್ ಪಟ್ಟಿಗೆ ತಗಲುತ್ತದೆ. ಮೇಲೆ 1.2 ಇದ್ದ ಕಡೆ 100 ಮಿಲಿವೋಲ್ಟ್ ಕಳೆದರೆ ದೊಡ್ಡದಲ್ಲ, ಕೆಳಗೆ 0.7 ಇದ್ದ ಕಡೆ ಅಷ್ಟೇ ಕಳೆದರೆ ಬಹಳ. ಅದಕ್ಕೇ ಕೆಲವು ಯಂತ್ರ ರಾತ್ರಿಯಿಡೀ ಪ್ರೈಮ್95 ಓಡಿಸಿ, ಬೆಳಿಗ್ಗೆ ಸುಮ್ನೆ ಡೆಸ್ಕ್‌ಟಾಪ್ ತೋರಿಸ್ತಾ ಇದ್ದಾಗ ನಿಂತುಹೋಗುತ್ತವೆ. ಹಾಗಾಗಿ ಏನೂ ಕೆಲಸ ಕೊಡದೆ ಒಂದೆರಡು ಗಂಟೆ ಬಿಡಿ. ಸ್ಲೀಪ್‌ಗೆ ಹಾಕಿ ಎಬ್ಬಿಸಿ. ರಾತ್ರಿ ಪೂರ್ತಿ ಆಫ್ ಮಾಡಿ ಬೆಳಗಿನ ಚಳಿಯಲ್ಲಿ ಆನ್ ಮಾಡಿ. ವಿಡಿಯೋ ನೋಡ್ತಾ ಹತ್ತು ಟ್ಯಾಬ್ ತೆರೆದು ಮುಚ್ಚಿ, ಭಾರ ಏಕಾಏಕಿ ಏರಿಳಿಯುವಾಗಲೇ ಜಾಸ್ತಿ ಬೀಳೋದು. ರೈಜನ್ ಆದರೆ ಕೋರ್‌ಸೈಕ್ಲರ್ ಅನ್ನೋದು ಒಂದೊಂದೇ ಕೋರನ್ನು ಸರದಿ ಪ್ರಕಾರ ಹಿಂಡುತ್ತದೆ, ಅದನ್ನು ರಾತ್ರಿ ಬಿಟ್ಟು ಮಲಗಿ.

ಆಮೇಲೆ ಫೈಲ್ ಪರೀಕ್ಷೆ. ಇದನ್ನು ಎಲ್ಲರೂ ಬಿಡ್ತಾರೆ, ನನಗೆ ಇದೇ ಮುಖ್ಯ. ತೀರ್ಥಹಳ್ಳಿ ಕಡೆ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯರೊಬ್ಬರ ಕಂಪ್ಯೂಟರ್ ಒಂದು ಸಲವೂ ನೀಲಿ ಪರದೆ ತೋರಿಸಿರಲಿಲ್ಲ. ಮದುವೆ ಆಲ್ಬಮ್ ಎಕ್ಸ್‌ಪೋರ್ಟ್ ಮಾಡಿದಾಗ ನಡುವೆ ಒಂದು ಫೋಟೋ ಮಾತ್ರ, ಧಾರೆಯ ಹೊತ್ತಿನದ್ದು, ವಧುವಿನ ಕುತ್ತಿಗೆಯವರೆಗೆ ಸರಿಯಿದ್ದು, ಅಲ್ಲಿಂದ ಕೆಳಗೆ ಚಿತ್ರ ಅರ್ಧ ಇಂಚು ಪಕ್ಕಕ್ಕೆ ಸರಿದು ಬೂದು ಬಣ್ಣಕ್ಕೆ ತಿರುಗಿತ್ತು. "ಎಂತ ಮಾರಾಯ, ಕ್ಯಾಮೆರಾ ಕಾರ್ಡ್ ಹೋಯ್ತಾ ಕಾಣುತ್ತೆ" ಅಂತ ಕಾರ್ಡ್ ಬದಲಾಯಿಸಿದರು, ಹಾರ್ಡ್‌ಡಿಸ್ಕ್ ಬದಲಾಯಿಸಿದರು. ಮತ್ತೆ ಬೇರೆ ಫೋಟೋದಲ್ಲಿ ಅದೇ ಥರ. ಆಫ್‌ಸೆಟ್ ಸೊನ್ನೆ ಮಾಡಿದ ಮೇಲೆ ಅದೇ ಫೋಟೋ ಅದೇ ಕಾರ್ಡಿನಿಂದ ಸರಿಯಾಗಿ ಬಂತು.

ನೀವು ಹೀಗೆ ಮಾಡಿ. ಕೆಲವು ಜಿಬಿ ಫೋಟೋಗಳ ಒಂದು ಫೋಲ್ಡರನ್ನು 7-ಜಿಪ್‌ನಲ್ಲಿ ಕುಗ್ಗಿಸಿ, ಟೆಸ್ಟ್ ಆರ್ಕೈವ್ ಒತ್ತಿ. ಮತ್ತೆ ಬಿಚ್ಚಿ. ಮೂಲ ಫೋಲ್ಡರ್, ಬಿಚ್ಚಿದ ಫೋಲ್ಡರ್ ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ಸಿಆರ್‌ಸಿ ಎಸ್‌ಎಚ್‌ಎ ಮೆನುವಿನಲ್ಲಿ ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಉದ್ದ ಸಂಕೇತ) ತೆಗೆದು, ಡೇಟಾದ ಸಂಕೇತ ಎರಡೂ ಕಡೆ ಒಂದೇನಾ ಅಂತ ತಾಳೆ ನೋಡಿ. ಒಂದಕ್ಷರ ವ್ಯತ್ಯಾಸ ಇದ್ದರೂ ಆ ಆಫ್‌ಸೆಟ್ ಬೇಡ. ಇದನ್ನು ಹಲವು ಸಲ ಮಾಡಿ.

ಏಳನೇದು: ಲಾಗ್ ಓದೋದು, ಮತ್ತು ಕರೆಂಟಿನ ಗೊಂದಲ

ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ (ವಿಂಡೋಸ್ ಬರೆದಿಡುವ ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಹುಡುಕಿ. ಈವೆಂಟ್ ಸಂಖ್ಯೆ 19 ಅಂತ ಬಂದರೆ ಪ್ರೊಸೆಸರ್ ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ. 18 ಅಂದರೆ ತಿದ್ದೋಕೆ ಆಗಲಿಲ್ಲ. ತಿದ್ದಿಕೊಂಡಿತಲ್ಲ ಅಂತ ಸಮಾಧಾನ ಬೇಡ, ಕ್ಯಾಶ್‌ನಲ್ಲಿ ಆದ ತಪ್ಪಿಗೆ ತಿದ್ದುವ ವ್ಯವಸ್ಥೆ ಇದೆ, ಕೂಡಿಸಿ ಗುಣಿಸುವ ಭಾಗದಲ್ಲಿ ಆದ ತಪ್ಪು ಈ ಲಾಗಿಗೆ ಬಾರದೆಯೂ ಹೋಗಬಹುದು. ಹಾಗಾಗಿ ಲಾಗ್ ಖಾಲಿ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ.

ನಮ್ಮೂರಿನವರಿಗೆ ಇನ್ನೊಂದು ತಾಪತ್ರಯ. ಕರ್ನಲ್-ಪವರ್ 41 ಅನ್ನೋ ಎರರ್ ಅಂಡರ್‌ವೋಲ್ಟ್‌ನಿಂದ ಯಂತ್ರ ಹಠಾತ್ತನೆ ನಿಂತರೂ ಬರುತ್ತದೆ, ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೂ ಅದೇ ಬರುತ್ತದೆ. ಜುಲೈ ತಿಂಗಳಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಮೇಲೆ ಈ ಪರೀಕ್ಷೆ ಮಾಡಿದರೆ ಯಾವುದು ಮಳೆ, ಯಾವುದು ವೋಲ್ಟೇಜ್ ಅಂತ ಬೇರ್ಪಡಿಸೋಕೆ ಆಗೋದಿಲ್ಲ. ಯುಪಿಎಸ್ ಇರಲಿ, ಅದರ ಬ್ಯಾಟರಿಯೂ ಸತ್ತಿರಬಾರದು. ಕರೆಂಟ್ ಹೋದ ಹೊತ್ತನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದು ಲಾಗಿನ ಸಮಯಕ್ಕೆ ಹೊಂದಿಸಿ ನೋಡಿ. ಗೋಡೆಯ ಪ್ಲಗ್ಗಿನಲ್ಲಿ ವೋಲ್ಟೇಜ್ ಒಂದಿಷ್ಟು ಏರಿಳಿದರೂ ಪವರ್ ಸಪ್ಲೈ ಅದನ್ನು ಸರಿಮಾಡಿಯೇ ಒಳಗೆ ಕೊಡುತ್ತದೆ, ಆದರೆ ಹಳೇ ಅಗ್ಗದ ಪವರ್ ಸಪ್ಲೈ ಆದರೆ ಅದರ ಮೇಲೂ ಅನುಮಾನ ಇರಲಿ.

ಎಂಟನೇದು: ಎಲ್ಲಿ ನಿಲ್ಲಿಸಬೇಕು

−90ಕ್ಕೆ ತಪ್ಪು ಬಂತು, −80ಕ್ಕೆ ಬರಲಿಲ್ಲ ಅಂದುಕೊಳ್ಳಿ. −80ಕ್ಕೆ ನಿಲ್ಲಿಸಬೇಡಿ. ಇನ್ನೊಂದು 15-20 ಮಿಲಿವೋಲ್ಟ್ ವಾಪಸ್ ಕೊಟ್ಟು −60 ಇಟ್ಟುಕೊಳ್ಳಿ. ಚಿಪ್ ವರ್ಷ ಕಳೆದಂತೆ ಸ್ವಲ್ಪ ಸವೆಯುತ್ತದೆ, ಬೇಸಿಗೆಯಲ್ಲಿ ಅದೇ ವೇಗಕ್ಕೆ ಜಾಸ್ತಿ ವೋಲ್ಟೇಜ್ ಬೇಕಾಗಬಹುದು. ಮಳೆಗಾಲದಲ್ಲಿ ಹೊಂದಿಸಿದ್ದನ್ನು ಮಾರ್ಚ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿ. ಕೊನೆಯ ಹತ್ತು ಮಿಲಿವೋಲ್ಟ್‌ನಿಂದ ಸಿಗೋದು ಒಂದು ಡಿಗ್ರಿಯೋ ಅರ್ಧ ಡಿಗ್ರಿಯೋ, ಅದಕ್ಕೆ ಇಷ್ಟೆಲ್ಲ ತಲೆಬಿಸಿ ಯಾರಿಗೆ ಬೇಕು.

ಕೆಲವು ದಿನ ಹಾಗೇ ಬಳಸಿ, ಏನೂ ಕಾಣದಿದ್ದರೆ ಮಾತ್ರ ಆ ಪ್ರೋಗ್ರಾಂ ಅನ್ನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿ, ಲಾಗಿನ್ ಆದ ಒಂದೆರಡು ನಿಮಿಷದ ನಂತರ ಶುರುವಾಗುವ ಹಾಗೆ. ಆ ಬಿಡುವಿನಲ್ಲಿ, ಏನಾದರೂ ಕೆಟ್ಟರೆ, ಅದನ್ನು ತೆಗೆದುಹಾಕೋಕೆ ನಿಮಗೆ ಸಮಯ ಇರುತ್ತದೆ. ಸ್ಲೀಪ್‌ನಿಂದ ಎದ್ದ ಮೇಲೆ ಆಫ್‌ಸೆಟ್ ಉಳಿದಿದೆಯಾ ಅಂತಲೂ ನೋಡಿಕೊಳ್ಳಿ, ಕೆಲವು ಯಂತ್ರಗಳಲ್ಲಿ ಹೋಗಿರುತ್ತದೆ.

ಕೆಟ್ಟರೆ ಏನು ಮಾಡೋದು

ಸಾಫ್ಟ್‌ವೇರ್ ಆದರೆ ಸೇಫ್ ಮೋಡ್‌ಗೆ ಹೋಗಿ ಆ ಟಾಸ್ಕ್ ಅಳಿಸಿ, ಥ್ರಾಟಲ್‌ಸ್ಟಾಪ್ ಫೋಲ್ಡರಿನಲ್ಲಿರುವ ಐಎನ್‌ಐ ಫೈಲನ್ನೂ ಅಳಿಸಿ. ಬಯೋಸ್‌ನಲ್ಲಿ ಮಾಡಿ ಪರದೆಯೇ ಬರದಿದ್ದರೆ, ಡೆಸ್ಕ್‌ಟಾಪ್‌ನಲ್ಲಿ ಪ್ಲಗ್ ಕಿತ್ತು, ಬೋರ್ಡಿನ ಕೈಪಿಡಿಯಲ್ಲಿ ಹೇಳಿದ ಹಾಗೆ ಕ್ಲಿಯರ್ ಸಿಮಾಸ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗನ್ನು ಮೊದಲಿನ ಸ್ಥಿತಿಗೆ ತನ್ನಿ. ಲ್ಯಾಪ್‌ಟಾಪ್‌ನಲ್ಲಿ ಅಂಥ ಪಿನ್ ಕೈಗೆ ಸಿಗೋದು ಕಷ್ಟ, ಪೂರ್ತಿ ಬಿಚ್ಚಬೇಕಾಗಬಹುದು. ಲ್ಯಾಪ್‌ಟಾಪ್‌ನಲ್ಲಿ ಬಯೋಸ್‌ನಿಂದ ವೋಲ್ಟೇಜ್ ಮುಟ್ಟಬೇಡಿ ಅನ್ನೋದು ಅದಕ್ಕೇ.

ಪರೀಕ್ಷೆಯ ಹೊತ್ತಿನಲ್ಲಿ ಒಂದಷ್ಟು ಸಲ ಕ್ರ್ಯಾಶ್ ಆಗಿದ್ದರೆ, ಎಲ್ಲ ಮುಗಿದ ಮೇಲೆ ಆಫ್‌ಸೆಟ್ ಸೊನ್ನೆ ಮಾಡಿ ವಿಂಡೋಸ್ ಫೈಲುಗಳನ್ನು ಪರೀಕ್ಷಿಸಿ ಸರಿಮಾಡುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅನ್ನೋ ಕಮಾಂಡ್ ಓಡಿಸಿ. ಅಂಡರ್‌ವೋಲ್ಟ್ ಇಟ್ಟುಕೊಂಡೇ ವಿಂಡೋಸ್ ರಿಪೇರಿ, ಅಪ್‌ಡೇಟ್, ಬಯೋಸ್ ಅಪ್‌ಡೇಟ್ ಮಾಡಬೇಡಿ. ಬಯೋಸ್ ಅಪ್‌ಡೇಟ್ ಆದ ಮೇಲೆ ಹಳೇ ಸಂಖ್ಯೆಯನ್ನೇ ಕಣ್ಣು ಮುಚ್ಚಿ ಹಾಕಬೇಡಿ, ಹೊಸ ಮೈಕ್ರೋಕೋಡ್ ಜೊತೆ ವೋಲ್ಟೇಜ್ ಲೆಕ್ಕವೇ ಬದಲಾಗಿರಬಹುದು, ಐದನೇ ಹಂತದಿಂದ ಮತ್ತೆ ಬನ್ನಿ. ಕಂಪ್ಯೂಟರನ್ನು ಸರ್ವಿಸ್‌ಗೆ ಕೊಡುವಾಗ, ಮಾರುವಾಗ, ಅಥವಾ ತಂಗಿ ಕಾಲೇಜಿಗೆ ತಗೊಂಡು ಹೋಗ್ತೀನಿ ಅಂದಾಗ ಎಲ್ಲವನ್ನೂ ಮೊದಲಿನ ಹಾಗೆ ಮಾಡಿ ಕೊಡಿ. ಪ್ರಾಜೆಕ್ಟ್ ರಿಪೋರ್ಟ್ ತೆರೀತಿಲ್ಲ ಅಂತ ಅವಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಾಗ, ಅದು ನಿಮ್ಮ ಆಫ್‌ಸೆಟ್‌ನಿಂದ ಆದದ್ದೋ ಬೇರೆ ಏನೋ ಅಂತ ಫೋನಿನಲ್ಲಿ ಕಂಡುಹಿಡಿಯೋಕೆ ಆಗೋದಿಲ್ಲ.